ಗಗನದ ಛಾಯಾಗ್ರಾಹಕ ಕಾರ್ಲ್ ಬೋನಿಷ್

ಕೋಲಾರದ ಚಿನ್ನದ ಗಣಿಗಳಲ್ಲಿ ಅತಿ ಆಳವಾದುದು ಚಾಂಪಿಯನ್ ರೀಫ್. ಅದರ ತಳವು ನೆಲಮಟ್ಟದಿಂದ 3 ಕಿಲೋಮೀಟರಿಗೂ ಕೆಳಗಿತ್ತು. 2001ರಲ್ಲಿ ಗಣಿಗಳು ಮುಚ್ಚುವವರೆಗೆ, ನೂರು ವರ್ಷಗಳಿಗೂ ಮಿಕ್ಕಿದ ಕಾಲ, ಕಾರ್ಮಿಕರು ತಲೆಮಾರಿನಿಂದ ತಲೆಮಾರಿಗೆ ಅಲ್ಲಿನ ಕತ್ತಲೆಗೆ ಇಳಿದರು. ಈಚಿನ ದಶಕಗಳಲ್ಲಿ ಹಾಗೆ ಇಳಿಯುವವನ ತಲೆಯ ಮೇಲೆ ಗಟ್ಟಿ ಟೊಪ್ಪಿಗೆ, ಟೊಪ್ಪಿಗೆಯ ಮುಂಭಾಗದಲ್ಲಿ ವಿದ್ಯುದ್ದೀಪ, ಸೊಂಟದ ಪಟ್ಟಿಯಲ್ಲಿ ಅದರ ಬ್ಯಾಟರಿ ಇರುತ್ತಿದ್ದವು. ಈ ಏರ್ಪಾಡು ಸರಳವಾದುದು. ಆದರೆ ಇದರ ಹಿಂದಿನ ಆಲೋಚನೆ ದೊಡ್ಡದು. ಮನುಷ್ಯನು ಎತ್ತ ತಿರುಗಿ ನೋಡಿದರೆ ಬೆಳಕೂ ಅತ್ತಲೇ ತಿರುಗುತ್ತದೆ. ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ. ಭಾರವಾದ ವಸ್ತು ಕತ್ತಿನ ಮೇಲೆ ಕೂರದೆ ಸೊಂಟದಲ್ಲಿ ನಿಲ್ಲುತ್ತದೆ.

ಈಗ ಆ ಗಣಿಯ ಆಳವನ್ನು ತಲೆಕೆಳಗು ಮಾಡಿ, ನೆಲದ ಮೇಲೆ ಒಂದು ಕಂಬದಂತೆ ನಿಲ್ಲಿಸಿದೆವೆಂದು ಊಹಿಸಿಕೊಳ್ಳೋಣ. ಮೋಡಗಳನ್ನು ದಾಟಿ ನಿಂತ ಆ ಕಂಬದ ತುದಿಯಿಂದ ಒಬ್ಬನು ಕೆಳಕ್ಕೆ ಧುಮುಕುತ್ತಾನೆ. ಅವನ ಬೆನ್ನಿನಲ್ಲಿ ಮಡಿಸಿಟ್ಟ ಪ್ಯಾರಾಚೂಟು ಇದೆ. ತಲೆಯ ಮೇಲೆ ದೀಪದ ಬದಲು ಚಲನಚಿತ್ರದ ಕ್ಯಾಮರಾ ಇದೆ. ಅವನು ಎತ್ತ ನೋಡಿದರೆ ಕ್ಯಾಮರಾವೂ ಅತ್ತಲೇ ನೋಡುತ್ತದೆ. ಬೀಳುವ ಮನುಷ್ಯರ ಚಿತ್ರಗಳನ್ನು, ತಾನೂ ಅವರೊಡನೆ ಬೀಳುತ್ತ ತೆಗೆಯುವುದನ್ನೇ ಜೀವನದ ಕೆಲಸವಾಗಿ ಮಾಡಿಕೊಂಡ ಅಮೆರಿಕದ ಕಾರ್ಲ್ ಬೋನಿಷನ ಕಥೆಯಿದು.

ಬೋನಿಷನು ಹುಟ್ಟಿದ್ದು 1941ರಲ್ಲಿ. ಓದಿನಿಂದಲೂ ವೃತ್ತಿಯಿಂದಲೂ ಅವನು ಇಂಜಿನಿಯರು. ಹ್ಯೂಸ್ ಏರ್‌ಕ್ರಾಫ್ಟ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಅವನಿಗೆ ಉದ್ಯೋಗವಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಸಾಧನವಾಗಿದ್ದ ಪ್ಯಾರಾಚೂಟು 1960ರ ದಶಕದ ವೇಳೆಗೆ ಅಮೆರಿಕದ ತರುಣರಿಗೆ ಕ್ರೀಡೆಯ ಸಾಧನವಾಗಿ ಪರಿಣಮಿಸಿತ್ತು. ವಿಮಾನದಿಂದ ಧುಮುಕಿ, ಪ್ಯಾರಾಚೂಟನ್ನು ಕೂಡಲೇ ಬಿಚ್ಚದೆ, ಒಂದು ನಿಮಿಷದಷ್ಟು ಹೊತ್ತು ಗಾಳಿಯಲ್ಲಿ ಮೈಚಾಚಿ ಬೀಳುವುದು ಈ ಕ್ರೀಡೆಯ ತಿರುಳು. ಆ ಒಂದು ನಿಮಿಷದಲ್ಲಿ ಕ್ರೀಡಾಪಟುಗಳು ಒಬ್ಬರ ಬಳಿಗೊಬ್ಬರು ತೇಲಿ ಬಂದು ಕೈಹಿಡಿದು ಚಕ್ರ ಕಟ್ಟುತ್ತಿದ್ದರು. ಕಟ್ಟಿದ ಚಕ್ರವನ್ನು ಬಿಡಿಸಿ ದೂರ ಸರಿಯುತ್ತಿದ್ದರು. ಆದರೆ ನೆಲದ ಮೇಲೆ ನಿಂತವರಿಗೆ ಕಾಣುತ್ತಿದ್ದುದು ಕೆಲವು ಕಪ್ಪು ಚುಕ್ಕೆಗಳು ಮಾತ್ರ. ಹಕ್ಕಿಗಳಂತೆ ಗಾಳಿಯನ್ನು ಆಳುವ ಆ ಮನುಷ್ಯರನ್ನು ಕಣ್ಣಾರೆ ಕಾಣುವ ಭಾಗ್ಯ ಜೊತೆಯಲ್ಲಿ ಬೀಳುವವರಿಗಲ್ಲದೆ ಬೇರೆಯವರಿಗೆ ಇರಲಿಲ್ಲ. ಬೋನಿಷನು ಉದ್ಯೋಗವನ್ನು ಬಿಟ್ಟು ಕ್ಯಾಮರಾ ಹಿಡಿದನು. ನೆಮ್ಮದಿಯ ಸಂಬಳವನ್ನು ತೊರೆದು ಗಾಳಿಗೆ ಬಿದ್ದ ಈ ತರುಣನನ್ನು ಕಂಡು ಹಿರಿಯರು ಏನೆಂದುಕೊಂಡಿರಬಹುದೆಂದು ಹೇಳುವ ಅಗತ್ಯವಿಲ್ಲ. ಆದರೆ ಇಂಜಿನಿಯರನ ಬುದ್ಧಿಯನ್ನು ಅವನು ಬಿಟ್ಟು ಬರಲಿಲ್ಲ; ಮುಂದೆ ಅವನಿಗೆ ನೆರವಾದದ್ದು ಅದೇ.

ಬೀಳುತ್ತ ಚಿತ್ರ ತೆಗೆಯುವುದು ಏಕೆ ಕಷ್ಟ? ವಿಜ್ಞಾನದ ಪಾಠದಲ್ಲಿ ಗುರುತ್ವಾಕರ್ಷಣೆಯನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೀಳುವ ವಸ್ತುವಿನ ವೇಗ ಮೊದಮೊದಲು ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತ ಹೋಗುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಸುಮಾರು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಇವೆರಡೂ ಸರಿತೂಗಿ, ಅಲ್ಲಿಂದ ಮುಂದೆ ಒಂದೇ ವೇಗದಲ್ಲಿ ಬೀಳುವಿಕೆ ಸಾಗುತ್ತದೆ. ನೆಲಕ್ಕೆ ಹೊಟ್ಟೆ ಮಾಡಿ ಕೈಕಾಲು ಚಾಚಿದ ಮನುಷ್ಯನಿಗೆ ಈ ವೇಗ ಗಂಟೆಗೆ ಸುಮಾರು 190 ಕಿಲೋಮೀಟರು. ಅಂದರೆ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು. ಆದರೆ ಎಲ್ಲರಿಗೂ ಇದು ಒಂದೇ ಅಲ್ಲ. ದಪ್ಪ ಮೈಯವನು ಬೇಗ ಬೀಳುತ್ತಾನೆ, ತೆಳ್ಳಗಿನವನು ನಿಧಾನವಾಗಿ ಬೀಳುತ್ತಾನೆ. ಚಿತ್ರ ತೆಗೆಯುವವನು ತನ್ನ ಚಿತ್ರಕ್ಕೆ ವಸ್ತುವಾದವರಿಗಿಂತ ಸೆಕೆಂಡಿಗೆ 2 ಮೀಟರು ವೇಗವಾಗಿ ಬಿದ್ದರೆ, ಹತ್ತು ಸೆಕೆಂಡುಗಳಲ್ಲಿ ಅವರು ಅವನ ತಲೆಯ ಮೇಲೆ 20 ಮೀಟರು ದೂರದಲ್ಲಿರುತ್ತಾರೆ. ಚಿತ್ರ ಅಲ್ಲಿಗೆ ಮುಗಿಯಿತು.

ಈ ತೊಡಕಿಗೆ ಪರಿಹಾರ ದೊರೆತದ್ದು ಉಡುಪಿನಲ್ಲಿ. ಹೋಳೂರಿನ ಕಡೆಯ ಹೊಲಗಳ ಕಣದಲ್ಲಿ ರಾಗಿ ತೂರುವುದನ್ನು ಕಂಡವರಿಗೆ ಇದರ ಗುಟ್ಟು ಗೊತ್ತು. ಮೊರವನ್ನು ಎತ್ತಿ ಹಿಡಿದು ಸುರಿದಾಗ ಕಾಳು ನೇರವಾಗಿ ರಾಶಿಯ ಮೇಲೆ ಬೀಳುತ್ತದೆ. ಹೊಟ್ಟು ಗಾಳಿಗೆ ಸಿಕ್ಕಿ ತೇಲುತ್ತ ದೂರ ಹೋಗುತ್ತದೆ. ಭಾರಕ್ಕೆ ತಕ್ಕಷ್ಟು ಹರವು ಇಲ್ಲದ್ದು ಬೇಗ ಬೀಳುತ್ತದೆ, ಭಾರಕ್ಕಿಂತ ಹರವು ಹೆಚ್ಚಾದದ್ದು ತಡೆದು ಬೀಳುತ್ತದೆ. ಗಗನದ ಛಾಯಾಗ್ರಾಹಕನು ಬೇಕಾದಾಗ ಕಾಳಾಗಬೇಕು, ಬೇಕಾದಾಗ ಹೊಟ್ಟಾಗಬೇಕು. ಮೈಗೆ ಅಂಟಿದ ನುಣುಪಾದ ನೈಲಾನ್ ಉಡುಪನ್ನು ತೊಟ್ಟರೆ ಗಾಳಿ ಜಾರಿ ಹೋಗಿ ಬೀಳುವ ವೇಗ ಹೆಚ್ಚುತ್ತದೆ. ಸಡಿಲವಾದ ಒರಟು ಹತ್ತಿಯ ಬಟ್ಟೆ ಗಾಳಿಯನ್ನು ಹಿಡಿದು ವೇಗವನ್ನು ತಗ್ಗಿಸುತ್ತದೆ. 1970ರ ದಶಕದಲ್ಲಿ ತೋಳಿನ ಕೆಳಗೆ ಬಾವಲಿಯ ರೆಕ್ಕೆಯಂತೆ ಬಟ್ಟೆ ಹೊಲಿದ, ಕಾಲುಗಳ ಬಳಿ ಗಂಟೆಯಂತೆ ಅಗಲವಾದ ಉಡುಪುಗಳು ಬಳಕೆಗೆ ಬಂದವು. ತೋಳನ್ನು ಚಾಚಿದರೆ ರೆಕ್ಕೆ ಬಿಚ್ಚಿಕೊಂಡು ಛಾಯಾಗ್ರಾಹಕನು ಮೇಲೆ ಉಳಿಯುತ್ತಾನೆ. ತೋಳನ್ನು ಮಡಿಚಿದರೆ ಕೆಳಗೆ ಇಳಿಯುತ್ತಾನೆ. ಹೀಗಾಗಿ ಈ ಕೆಲಸದಲ್ಲಿ ಬಟ್ಟೆಯನ್ನು ಆರಿಸುವುದು ಅಂದಚೆಂದದ ಮಾತಲ್ಲ. ಯಾರ ಚಿತ್ರ ತೆಗೆಯಬೇಕಾಗಿದೆ, ಅವರ ತೂಕವೆಷ್ಟು, ಅವರು ತೊಟ್ಟಿರುವುದೇನು ಎಂಬುದನ್ನು ಮೊದಲು ತಿಳಿದು, ಅದಕ್ಕೆ ತಕ್ಕಂತೆ ಛಾಯಾಗ್ರಾಹಕನು ತನ್ನ ಬಟ್ಟೆಯನ್ನು ಆರಿಸಬೇಕು.

ಚಳಿಯನ್ನೂ ಮರೆಯುವಂತಿಲ್ಲ. ಮೇಲಕ್ಕೆ ಏರಿದಂತೆ ಕಿಲೋಮೀಟರಿಗೆ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಹನ್ನೆರಡೂವರೆ ಸಾವಿರ ಅಡಿಗಳ ಎತ್ತರದಲ್ಲಿ ನೆಲಕ್ಕಿಂತ ಸುಮಾರು 25 ಡಿಗ್ರಿ ಹೆಚ್ಚು ಚಳಿ. ಅದರ ಮೇಲೆ ಬಿರುಗಾಳಿಯಂತಹ ಗಾಳಿ. ದಪ್ಪ ಕೈಗವಸು ಹಾಕಿದರೆ ಬೆರಳುಗಳು ಬೆಚ್ಚಗಿರುತ್ತವೆ, ಆದರೆ ಪ್ಯಾರಾಚೂಟಿನ ಹಿಡಿಯನ್ನು ತಡಕಿ ಎಳೆಯುವುದು ಕಷ್ಟವಾಗುತ್ತದೆ. ತೆಳು ಕೈಗವಸೇ ಲೇಸು. 1960ರಲ್ಲಿ ಜೋಸೆಫ್ ಕಿಟಿಂಜರ್ ಎಂಬ ಅಮೆರಿಕದ ವಾಯುಪಡೆಯ ಅಧಿಕಾರಿ ಬಲೂನಿನಲ್ಲಿ 31 ಕಿಲೋಮೀಟರು ಎತ್ತರಕ್ಕೇರಿ ಧುಮುಕಿದಾಗ, ಅವನ ಬಲಗೈಯ ಕವಚ ಮಾತ್ರ ಸರಿಯಾಗಿ ಕೆಲಸ ಮಾಡದೆ ಇಡೀ ಕೈ ಊದಿಕೊಂಡಿತ್ತು. ಇನ್ನೆಲ್ಲ ಸರಿಯಿದ್ದೂ ಒಂದು ಕೈಗವಸು ಎಷ್ಟು ದೊಡ್ಡ ವಿಷಯವಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಚಳಿಗೆ ಬ್ಯಾಟರಿಯ ಶಕ್ತಿಯೂ ಕುಂದುತ್ತದೆ. ಅದನ್ನು ಉಡುಪಿನೊಳಗೆ ಮೈಗೆ ತಾಗಿದಂತೆ ಇಟ್ಟುಕೊಂಡರೆ ದೇಹದ ಬಿಸಿ ಅದನ್ನು ಕಾಯುತ್ತದೆ.

ಇನ್ನು ಕ್ಯಾಮರಾದ ಮಾತು. ಕೈಯಲ್ಲಿ ಕ್ಯಾಮರಾ ಹಿಡಿದು ಬೀಳುವುದು ಆಗದ ಕೆಲಸ. ಬೀಳುವವನಿಗೆ ಕೈಗಳೇ ಚುಕ್ಕಾಣಿ. ಪ್ಯಾರಾಚೂಟನ್ನು ಬಿಚ್ಚುವುದಕ್ಕೂ ಕೈಯೇ ಬೇಕು. ಆದುದರಿಂದ ಕ್ಯಾಮರಾ ಶಿರಸ್ತ್ರಾಣದ ಮೇಲೆ ಕುಳಿತಿತು. ಕಣ್ಣಿಗೆ ಒತ್ತಿ ನೋಡುವ ಕಿಂಡಿ ಇಲ್ಲಿ ನಿರುಪಯುಕ್ತ. ಅದಕ್ಕೆ ಬದಲಾಗಿ ಒಂದು ಕಣ್ಣಿನ ಮುಂದೆ ಸಣ್ಣ ಉಂಗುರವೊಂದನ್ನು ನಿಲ್ಲಿಸುತ್ತಿದ್ದರು. ಉಂಗುರದೊಳಗೆ ಯಾರು ಕಾಣುತ್ತಾರೋ ಅವರು ಚಿತ್ರದ ನಡುವೆ ಇದ್ದಾರೆಂದು ಅರ್ಥ. ನಿಶ್ಚಲ ಚಿತ್ರಗಳನ್ನು ತೆಗೆಯುವವರು ಗುಂಡಿಯನ್ನು ಬಾಯಲ್ಲಿ ಕಚ್ಚಿ ಒತ್ತುವ ಉಪಾಯವನ್ನು ಕಂಡುಕೊಂಡರು.

ಆ ದಿನಗಳ ಚಲನಚಿತ್ರ ಕ್ಯಾಮರಾಗಳು ಭಾರವಾದವು. ಯುದ್ಧವಿಮಾನಗಳ ಬಂದೂಕುಗಳ ಗುರಿಯನ್ನು ದಾಖಲಿಸಲು ಮಹಾಯುದ್ಧದ ಕಾಲದಲ್ಲಿ ತಯಾರಾದ 16 ಮಿಲಿಮೀಟರಿನ ಪುಟ್ಟ ಕ್ಯಾಮರಾಗಳು ಯುದ್ಧಾನಂತರ ಅಗ್ಗವಾಗಿ ದೊರೆಯುತ್ತಿದ್ದವು. ಅವು ಗಟ್ಟಿಮುಟ್ಟಾದವು, ಗಾಳಿಗೂ ಅದುರಾಟಕ್ಕೂ ಹೆದರುವಂತಹವಲ್ಲ. ಕೊಲ್ಲುವ ಕಾರ್ಯಕ್ಕೆ ಸಾಕ್ಷಿಯಾಗಲೆಂದು ಹುಟ್ಟಿದ ಯಂತ್ರ ಮನುಷ್ಯನ ಹಾರಾಟದ ಆನಂದಕ್ಕೆ ಸಾಕ್ಷಿಯಾದದ್ದು ವಿಚಿತ್ರವಾದರೂ ಸಂತೋಷದ ಸಂಗತಿ. ಆದರೆ ಅವುಗಳಲ್ಲಿ 50 ಅಡಿಗಳ ಸುರುಳಿ ಮಾತ್ರ ಹಿಡಿಯುತ್ತಿತ್ತು. 16 ಮಿಲಿಮೀಟರಿನ ಒಂದು ಅಡಿ ಸುರುಳಿಯಲ್ಲಿ 40 ಚೌಕಗಳು. ಸೆಕೆಂಡಿಗೆ 24 ಚೌಕಗಳಂತೆ ಓಡಿಸಿದರೆ 50 ಅಡಿ 83 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹನ್ನೆರಡೂವರೆ ಸಾವಿರ ಅಡಿಯಿಂದ ಧುಮುಕಿದವನು ಪ್ಯಾರಾಚೂಟು ಬಿಚ್ಚುವವರೆಗೆ ಬೀಳುವುದು ಸುಮಾರು 60 ಸೆಕೆಂಡು. ಲೆಕ್ಕ ಸರಿಹೋಯಿತೆನ್ನಬಹುದು. ಆದರೆ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸುವ ಆಸೆಯಿಂದ ಇಮ್ಮಡಿ ವೇಗದಲ್ಲಿ ಓಡಿಸಿದರೆ ಸುರುಳಿ 41 ಸೆಕೆಂಡಿಗೇ ಮುಗಿದು, ಉಳಿದ ಬೀಳುವಿಕೆಯು ದಾಖಲಾಗದೆ ಹೋಗುತ್ತದೆ. ಚೆಲುವು ಬೇಕೋ, ಪೂರ್ಣತೆ ಬೇಕೋ ಎಂಬುದನ್ನು ನೆಲದ ಮೇಲೆ ನಿಂತಿರುವಾಗಲೇ ತೀರ್ಮಾನಿಸಿಕೊಳ್ಳಬೇಕಾಗಿತ್ತು. ವಿಶಾಲವಾದ ನೋಟವನ್ನು ಹಿಡಿಯುವ ಮಸೂರವನ್ನು ಆರಿಸಿದರೆ ಆಕಾಶದಲ್ಲಿ ದೂರವನ್ನು ಹೊಂದಿಸುವ ಗೊಡವೆಯಿಲ್ಲ. ಆದರೆ ಮನುಷ್ಯರು ಚಿಕ್ಕದಾಗಿ ಕಾಣುತ್ತಾರೆ, ಅವರು ದೊಡ್ಡದಾಗಿ ಕಾಣಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಡಿಕ್ಕಿಯ ಭಯ.

ಈ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತು. ಪ್ಯಾರಾಚೂಟು ಬಿಚ್ಚಿಕೊಂಡಾಗ ಕೆಲವೇ ಸೆಕೆಂಡುಗಳಲ್ಲಿ ವೇಗವೆಲ್ಲ ಇಳಿದುಹೋಗುತ್ತದೆ. ಆ ಕ್ಷಣದಲ್ಲಿ ತಲೆಯ ಮೇಲಿನ ಭಾರ ಹಲವು ಮಡಿಯಾಗಿ ಕತ್ತನ್ನು ಒತ್ತುತ್ತದೆ. ಕ್ಯಾಮರಾವನ್ನು ಒಂದು ಪಕ್ಕಕ್ಕೆ ಕಟ್ಟಿದ್ದರೆ ಕತ್ತು ಆ ಕಡೆಗೇ ತಿರುಚಿಕೊಳ್ಳುತ್ತದೆ. ಆದುದರಿಂದ ಇನ್ನೊಂದು ಪಕ್ಕಕ್ಕೆ ಸಮಭಾರವನ್ನು ಇಡಬೇಕು. ಬಿಚ್ಚಿಕೊಳ್ಳುವ ಪ್ಯಾರಾಚೂಟಿನ ಹಗ್ಗವೊಂದು ಕ್ಯಾಮರಾದ ಮೂಲೆಗೆ ಸಿಕ್ಕಿಕೊಂಡರಂತೂ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಚೂಪಾದ ಮೂಲೆಗಳನ್ನೂ ಹೊರಚಾಚಿದ ತಿರುಪುಗಳನ್ನೂ ಮುಚ್ಚಿ ನುಣುಪು ಮಾಡುತ್ತಾರೆ. ಕೈಮೀರಿದರೆ ಒಂದೇ ಎಳೆತಕ್ಕೆ ಕ್ಯಾಮರಾ ಸಹಿತ ಶಿರಸ್ತ್ರಾಣವನ್ನು ಕಳಚಿ ಎಸೆಯುವಂತೆ ಗದ್ದದ ಪಟ್ಟಿಯನ್ನು ಅಳವಡಿಸುತ್ತಾರೆ. ಎಷ್ಟೇ ಬೆಲೆಯ ಕ್ಯಾಮರಾ ಆದರೂ ಎಸೆಯಲು ಮನಸ್ಸು ಸಿದ್ಧವಾಗಿರಬೇಕು. ಮನಸ್ಸಿನ ವಿಷಯವೇ ಇನ್ನೂ ಕಷ್ಟದ್ದು. ಉಂಗುರದೊಳಗೆ ಕಣ್ಣಿಟ್ಟವನಿಗೆ ತಾನು ಬೀಳುತ್ತಿರುವೆನೆಂಬುದೇ ಮರೆತುಹೋಗಬಹುದು. 1988ರಲ್ಲಿ ಅಮೆರಿಕದಲ್ಲಿ, ನೂರಾರು ಬಾರಿ ಧುಮುಕಿ ಪಳಗಿದ ಛಾಯಾಗ್ರಾಹಕನೊಬ್ಬನು ಚಿತ್ರದ ಸಲಕರಣೆಗಳನ್ನೆಲ್ಲ ತಪ್ಪದೆ ಧರಿಸಿ, ಪ್ಯಾರಾಚೂಟನ್ನೇ ಧರಿಸದೆ ವಿಮಾನದಿಂದ ಧುಮುಕಿಬಿಟ್ಟನು. ಅವನ ಕ್ಯಾಮರಾ ಕೊನೆಯವರೆಗೂ ಓಡುತ್ತಿತ್ತು. ಇಂದು ಬೆಂಕಿಪೆಟ್ಟಿಗೆಯಷ್ಟು ಹಗುರವಾದ ಕ್ಯಾಮರಾಗಳು ಬಂದಿದ್ದರೂ, ಕನಿಷ್ಠ 200 ಬಾರಿ ಧುಮುಕಿದ ಅನುಭವವಿಲ್ಲದವರು ಕ್ಯಾಮರಾ ಧರಿಸಬಾರದೆಂದು ಅಮೆರಿಕದ ಪ್ಯಾರಾಚೂಟು ಸಂಘ ಸಲಹೆ ನೀಡುವುದು ಇದೇ ಕಾರಣಕ್ಕಾಗಿ.

ಬೋನಿಷನ ಹೆಸರು ಹೊರಜಗತ್ತಿಗೆ ತಿಳಿದದ್ದು 1969ರಲ್ಲಿ. ಜಾನ್ ಫ್ರಾಂಕನ್‌ಹೈಮರ್ ನಿರ್ದೇಶಿಸಿದ ಜಿಪ್ಸಿ ಮಾತ್ಸ್ ಎಂಬ ಚಲನಚಿತ್ರ ಆ ವರ್ಷ ತೆರೆಕಂಡಿತು. ಊರೂರು ತಿರುಗಿ ಪ್ರದರ್ಶನ ನೀಡುವ ಮೂವರು ಪ್ಯಾರಾಚೂಟು ಸಾಹಸಿಗಳ ಕಥೆಯದು. ರೆಕ್ಕೆಯಂತಹ ಉಡುಪು ತೊಟ್ಟು ಧುಮುಕುವ ಅವರಲ್ಲೊಬ್ಬನು ಪ್ಯಾರಾಚೂಟನ್ನು ಬಿಚ್ಚದೆಯೇ ಸಾಯುತ್ತಾನೆ. ಆಕಾಶದಲ್ಲಿ ಬೀಳುವ ದೃಶ್ಯಗಳನ್ನು ತೆಗೆಯುವ ಹೊಣೆ ಬೋನಿಷನ ಪಾಲಿಗೆ ಬಂದಿತು. ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತ ಸಾಮಾನ್ಯರು ಬೀಳುವವನ ಪಕ್ಕದಲ್ಲೇ ತಾವೂ ಬೀಳುತ್ತಿರುವಂತೆ ಭಾವಿಸಿದರು. ಆ ಬಳಿಕ ಅವನು ತಾನೇ ಹಲವು ಕಿರುಚಿತ್ರಗಳನ್ನು ತಯಾರಿಸಿದನು.

ವಿಮಾನದಿಂದ ಧುಮುಕುವವರ ಚಿತ್ರಗಳನ್ನು ಹತ್ತು ವರ್ಷ ತೆಗೆದ ಮೇಲೆ ಅವನ ದೃಷ್ಟಿ ಬಂಡೆಗಳತ್ತ ಹರಿಯಿತು. ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಮಹಾಶಿಲೆಯಿದೆ. ಕೋಲಾರ ಸೀಮೆಯಲ್ಲಿ ಬೆಳೆದವರಿಗೆ ಬಂಡೆಬೆಟ್ಟಗಳು ಹೊಸವಲ್ಲ. ಆದರೆ ಇದು ಗೋಡೆಯಂತೆ ನೇರವಾಗಿ 900 ಮೀಟರುಗಳಷ್ಟು ನಿಂತಿರುವ ಒಂದೇ ಬಂಡೆ. 1966ರಲ್ಲಿ ಇಬ್ಬರು ತರುಣರು ಅದರ ತುದಿಯಿಂದ ಧುಮುಕಿದ್ದರು. ಅವರ ಬಳಿಯಿದ್ದುದು ಕೊಡೆಯಾಕಾರದ ಗುಂಡು ಪ್ಯಾರಾಚೂಟು. ಅದು ಗಾಳಿ ಒಯ್ದತ್ತ ಹೋಗುವಂತಹದು. ಇಬ್ಬರೂ ಮೂಳೆ ಮುರಿದುಕೊಂಡರು. ಅನಂತರದ ವರ್ಷಗಳಲ್ಲಿ ಆಯತಾಕಾರದ, ವಿಮಾನದ ರೆಕ್ಕೆಯಂತೆ ಗಾಳಿ ತುಂಬಿಕೊಂಡು ಮುಂದಕ್ಕೆ ಸಾಗುವ, ಬೇಕಾದತ್ತ ತಿರುಗಿಸಬಹುದಾದ ಪ್ಯಾರಾಚೂಟುಗಳು ಬಂದವು. ಸಾಧನ ಬದಲಾದುದರಿಂದ ಅಸಾಧ್ಯವೆನಿಸಿದ್ದು ಸಾಧ್ಯವಾಗಬಹುದೆಂದು ಬೋನಿಷನು ನಂಬಿದನು. 1978ರ ಆಗಸ್ಟ್ 18ರಂದು ನಾಲ್ವರು ಎಲ್ ಕ್ಯಾಪಿಟನ್ನಿನ ಅಂಚಿನಿಂದ ಧುಮುಕಿದರು. ಬೋನಿಷನು ಅದನ್ನು ಚಿತ್ರೀಕರಿಸಿದನು.

ಬಂಡೆಯಿಂದ ಧುಮುಕುವುದಕ್ಕೂ ವಿಮಾನದಿಂದ ಧುಮುಕುವುದಕ್ಕೂ ಒಂದು ದೊಡ್ಡ ಅಂತರವಿದೆ. ವಿಮಾನದಿಂದ ಹೊರಬಿದ್ದವನಿಗೆ ವಿಮಾನದ ವೇಗದಿಂದಲೇ ಗಾಳಿಯ ಆಸರೆ ದೊರೆಯುತ್ತದೆ. ಬಂಡೆಯ ತುದಿಯಲ್ಲಿ ಅಂತಹ ಗಾಳಿಯಿಲ್ಲ. ಮೊದಲ ಕೆಲವು ಸೆಕೆಂಡುಗಳಲ್ಲಿ ಉಡುಪಿನ ರೆಕ್ಕೆಯೂ ನೆರವಿಗೆ ಬಾರದು. ಕಾಲಿನ ಒದೆತವೊಂದೇ ಅವನನ್ನು ಬಂಡೆಯಿಂದ ದೂರ ಒಯ್ಯಬೇಕು. ಅಷ್ಟು ಹೊತ್ತಿನಲ್ಲಿ ತಲೆಯ ಭಾರ ಮೈಯನ್ನು ಮಗುಚಿಬಿಟ್ಟರೆ ತಿದ್ದಿಕೊಳ್ಳಲು ಸಮಯವಿಲ್ಲ. ಆದುದರಿಂದ ಆಕಾಶದಲ್ಲಿ ಸರಿಯಾಗಿದ್ದ ಸಲಕರಣೆಯೇ ಬಂಡೆಯ ಮೇಲೂ ಸರಿಯೆಂದು ತಿಳಿಯುವಂತಿರಲಿಲ್ಲ.

ಈ ಸಾಹಸಗಳಲ್ಲಿ ಅವನಿಗೆ ಜೊತೆಯಾದವಳು ಪತ್ನಿ ಜೀನ್. ಅವರಿಬ್ಬರೂ ಟೆಕ್ಸಾಸಿನ ಫಿಲ್ ಸ್ಮಿತ್ ಮತ್ತು ಫಿಲ್ ಮೇಫೀಲ್ಡ್ ಎಂಬ ಗೆಳೆಯರೊಡನೆ ಸೇರಿ ಈ ಹೊಸ ಕ್ರೀಡೆಗೆ ಒಂದು ಹೆಸರನ್ನು ಕೊಟ್ಟರು. ಕಟ್ಟಡ, ಗೋಪುರ, ಸೇತುವೆ, ಭೂಮಿ ಎಂಬ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದಾಗ ಬೇಸ್ ಎಂಬ ಪದವಾಯಿತು. ನಾಲ್ಕು ಬಗೆಯ ಎತ್ತರಗಳಿಂದಲೂ ಧುಮುಕಿದವರಿಗೆ 1981ರಿಂದ ಕ್ರಮಸಂಖ್ಯೆ ನೀಡತೊಡಗಿದರು. ಮೊದಲ ಎರಡು ಸಂಖ್ಯೆಗಳು ಟೆಕ್ಸಾಸಿನ ಗೆಳೆಯರಿಗೆ ಸಂದವು. ಮೂರನೆಯದು ಜೀನ್‌ಗೆ, ನಾಲ್ಕನೆಯದು ಬೋನಿಷನಿಗೆ. ಕ್ರೀಡೆಗೆ ಹೆಸರಿಟ್ಟವರಲ್ಲಿ ಒಬ್ಬನಾದವನು ಪಟ್ಟಿಯಲ್ಲಿ ಪತ್ನಿಯ ಹಿಂದೆ ನಿಂತದ್ದು ಅವನ ಸ್ವಭಾವಕ್ಕೆ ಒಂದು ಸಾಕ್ಷಿ.

ಆದರೆ ಎಲ್ಲರೂ ಅವರಷ್ಟು ಎಚ್ಚರದವರಾಗಿರಲಿಲ್ಲ. 1980ರಲ್ಲಿ ಎಲ್ ಕ್ಯಾಪಿಟನ್ನಿನಿಂದ ಧುಮುಕಲು ಉದ್ಯಾನದ ಅಧಿಕಾರಿಗಳು ಅನುಮತಿ ಕೊಟ್ಟರು. ಕೆಲವರು ನಿಯಮಗಳನ್ನು ಗಾಳಿಗೆ ತೂರಿದರು. ಅನುಮತಿಯು ಅದೇ ವರ್ಷ ರದ್ದಾಯಿತು.

1984ರ ಜುಲೈ ತಿಂಗಳಿನಲ್ಲಿ ದಂಪತಿಗಳು ನಾರ್ವೆ ದೇಶಕ್ಕೆ ಬಂದರು. ಅಲ್ಲಿನ ಟ್ರೋಲ್‌ವೆಗ್ಗೆನ್ ಎಂಬ ಪರ್ವತಭಿತ್ತಿ ಸಾವಿರ ಮೀಟರಿಗೂ ಮಿಗಿಲಾದ ಎತ್ತರದ್ದು. ಜುಲೈ 5ರಂದು ಗಿನ್ನೆಸ್ ದಾಖಲೆಗಳ ದೂರದರ್ಶನ ಕಾರ್ಯಕ್ರಮಕ್ಕಾಗಿ ಗಂಡಹೆಂಡಿರು ಅಲ್ಲಿಂದ ಧುಮುಕಿ ವಿಶ್ವದಾಖಲೆಯನ್ನು ಸ್ಥಾಪಿಸಿದರು. ದಾಖಲೆಗಾಗಿ ಮತ್ತೆ ಧುಮುಕಬೇಕಾದ ಅಗತ್ಯ ಇರಲಿಲ್ಲ. ಆದರೂ ಜುಲೈ 7ರಂದು ಬೋನಿಷನು ಅದೇ ಸಾಲಿನ ಸ್ಟಾಬೆನ್ ಎಂಬ ಬೇರೊಂದು ಶಿಖರಕ್ಕೆ ಹೋದನು. ಅವನು ಧುಮುಕಿದಾಗ ಪ್ಯಾರಾಚೂಟು ಸಮನಾಗಿ ಬಿಚ್ಚಿಕೊಳ್ಳದೆ ಅವನನ್ನು ಬಂಡೆಯತ್ತ ತಿರುಗಿಸಿತು. ಬಂಡೆಗೆ ಅಪ್ಪಳಿಸಿ ಅವನು ಮೃತನಾದನು. ಆಗ ಅವನಿಗೆ 43 ವರ್ಷ.

ಹದಿನೈದು ವರ್ಷಗಳಿಗೂ ಮೀರಿ ಒಂದೊಂದು ಹಗ್ಗವನ್ನೂ ಒಂದೊಂದು ತಿರುಪನ್ನೂ ಯೋಚಿಸಿ ಆರಿಸಿದ ಮನುಷ್ಯನು ಆ ದಿನ ಆ ಶಿಖರವನ್ನು ಏಕೆ ಆರಿಸಿದನೆಂಬುದು ಅವನ ಗೆಳೆಯರನ್ನು ಬಹುಕಾಲ ಕಾಡಿತು. ಸಲಕರಣೆಯನ್ನು ಎಷ್ಟು ಚೆನ್ನಾಗಿ ಆರಿಸಿದರೂ, ಸ್ಥಳದ ಆಯ್ಕೆಯೊಂದು ಉಳಿದಿರುತ್ತದೆ. ಅದನ್ನು ಯಾವ ಶಿರಸ್ತ್ರಾಣವೂ ತಿದ್ದಲಾರದು. 1986ರಲ್ಲಿ ನಾರ್ವೆ ಸರ್ಕಾರ ಟ್ರೋಲ್‌ವೆಗ್ಗೆನ್‌ನಿಂದ ಧುಮುಕುವುದನ್ನು ನಿಷೇಧಿಸಿತು.

ಜೀನ್ ಕೂಡಲೇ ಊರಿಗೆ ಮರಳಲಿಲ್ಲ. ಪತಿ ಸತ್ತ ಕೆಲವೇ ದಿನಗಳಲ್ಲಿ ಆಕೆ ಅದೇ ಪರ್ವತವನ್ನು ಹತ್ತಿ, ಪ್ಯಾರಾಚೂಟನ್ನು ಧರಿಸಿ, ಮತ್ತೊಮ್ಮೆ ಧುಮುಕಿ ಕ್ಷೇಮವಾಗಿ ನೆಲಕ್ಕಿಳಿದಳು. ಬೋನಿಷನು ಬಿಟ್ಟುಹೋದ ಚಿತ್ರಸುರುಳಿಗಳು ಉಳಿದುಕೊಂಡವು. ಮೂವತ್ತು ವರ್ಷಗಳ ಅನಂತರ, 2014ರಲ್ಲಿ, ಅವುಗಳನ್ನು ಬಳಸಿಕೊಂಡು ಸನ್‌ಷೈನ್ ಸೂಪರ್‌ಮ್ಯಾನ್ ಎಂಬ ಸಾಕ್ಷ್ಯಚಿತ್ರ ತಯಾರಾಯಿತು. ಅದರಲ್ಲಿ ಎಲ್ ಕ್ಯಾಪಿಟನ್ನಿನ ಅಂಚಿನಲ್ಲಿ ನಿಂತವರು ಇಂದಿಗೂ ಒಬ್ಬರ ಹಿಂದೊಬ್ಬರು ಧುಮುಕುತ್ತಾರೆ. ಅವರ ಹೆಗಲಿನಾಚೆ ಕಣಿವೆಯ ಪೈನ್ ಮರಗಳು ದೊಡ್ಡದಾಗುತ್ತ ಮೇಲಕ್ಕೆ ಬರುತ್ತವೆ.